ಹಳದಿ ಗಂಟು

ದುದ್ದದ ಪಶು ಆಸ್ಪತ್ರೆಯ ಅಂಗಳ. ಕಬ್ಬಿಣದ ಚೌಕಟ್ಟಿನೊಳಗೆ
ನಿಂಗಾಜಮ್ಮನ ಹಸು.
ನನ್ನ ಎಡಗೈಗೆ ಹೆಗಲುದ್ದ ಪ್ಲಾಸ್ಟಿಕ್ಕು, ಸೋಪಿನ ನೊರೆ,
ಮೊಣಕೈ ದಾಟಿದ ಮೇಲೆ ಸೆಗಣಿಯ ಬಿಸಿ.
ಕಣ್ಣು ಮುಚ್ಚಿಕೊಳ್ಳುತ್ತೇನೆ, ಈ ಕೆಲಸಕ್ಕೆ ಕಣ್ಣು ಬೇಡ.
ಬಾದಾಮಿಯಷ್ಟು ಅಂಡಾಶಯ,
ಅದರ ನೆತ್ತಿಯಲ್ಲಿ ಸೀಸೆಯ ಬಿರಡೆಯಂಥ
ಒಂದು ಗಂಟು.

"ಗಬ್ಬ ನಿಂತೈತಾ ಡಾಕ್ಟ್ರಮ್ಮ?"
"ನಿಂತಿದೆ. ಮೂರು ತಿಂಗಳು."
"ಓದ್ಸಲ ಕಂದಾಕ್ಬುಡ್ತು" ಎಂದು
ಹಸುವಿನ ಬೆನ್ನು ತಟ್ಟುತ್ತಾಳೆ.

ಹೋದ ಸಲ ನಾನೂ.
ಒಂಬತ್ತನೇ ವಾರ, ಬಟ್ಟೆಯ ಮೇಲೆ ಮೊದಲು ಕಂಡ ಬಣ್ಣ
ಕೆಂಪಲ್ಲ, ಕಂದು.
ಆ ಬಣ್ಣಕ್ಕೂ ಈ ಕಳಕೊಳ್ಳುವುದಕ್ಕೂ
ಒಂದೇ ಹೆಸರಿಟ್ಟವರು ಯಾರು?
ನಿಂಗಾಜಮ್ಮನಿಗೆ ಹೇಳಲಿಲ್ಲ.

ಹಾಸನದ ಕಾಲೇಜಿನಲ್ಲಿ ಬ್ಲೇಡು ಹಿಡಿದು
ಈ ಗಂಟನ್ನು ಸೀಳಿ ನೋಡಿದ್ದೇವೆ:
ಒಳಗೆಲ್ಲ ಹಸಿ ಅರಿಸಿನದ ಬಣ್ಣ.
ಮೊಟ್ಟೆಯನ್ನು ಕಳಿಸಿಕೊಟ್ಟ ಖಾಲಿ ಮನೆ
ಬೀಗ ಹಾಕಿಕೊಳ್ಳದೆ ಒಲೆ ಹಚ್ಚಿ ಕೂತಿದೆ,
ರಕ್ತದಿಂದ ಕೊಬ್ಬು ಇಸಿದುಕೊಂಡು
ಪ್ರೊಜೆಸ್ಟರಾನ್ ಕಾಯಿಸುತ್ತಿದೆ.
ಗರ್ಭಕೋಶಕ್ಕೆ ಅದು ಹೇಳುವುದು ಒಂದೇ ಮಾತು:
ಸುಮ್ಮನಿರು.

ನನ್ನದನ್ನು ತೋರಿಸಿದವರು ಫರ್ಹಾನಾ ಮೇಡಂ,
"ಇಗೋ, ಎಡಗಡೆ."
ಸ್ಕ್ಯಾನಿನ ಪರದೆಯಲ್ಲಿ ಬೂದಿ ಬಣ್ಣದ ಉಂಗುರ.
ಹಳದಿಯೇ ಇರಬೇಕು.
ಊರ ಹಸುಗಳೊಳಗೆಲ್ಲ ಹೋಗಿ ಬಂದ ಈ ಕೈ
ನನ್ನೊಳಗೆ ತಲುಪುವುದಿಲ್ಲ.

ವಾರಕ್ಕೆರಡು ಸಂಜೆ ಫ್ಲೇವಿ ಸಿಸ್ಟರಿನ ಸೂಜಿ.
"ಎಣ್ಣೆ ಔಷಧಿ ಮೇಡಂ, ನಿಧಾನ ಇಳೀಬೇಕು."
ದನಕ್ಕಾದರೆ ಚುಚ್ಚುವ ಮೊದಲು ಮೂರು ಸಲ ಗುದ್ದುತ್ತೇವೆ,
ನನಗೂ ಗುದ್ದಿ ಎಂದೆ.
ನಕ್ಕಳು, ಗುದ್ದಲಿಲ್ಲ,
ಸೊಂಟದಲ್ಲಿ ಗೋಲಿಯಷ್ಟು ಗಟ್ಟಿ ಉಳಿಯಿತು.

ಸುಮ್ಮನಿರು ಎಂಬ ಮಾತು
ಹೇಳಿದ ಕಡೆಯಲ್ಲೇ ನಿಲ್ಲುವುದಿಲ್ಲ.
ಕರುಳು ಕೇಳಿಸಿಕೊಂಡು ನಾಲ್ಕು ದಿನದಿಂದ ಮುಷ್ಕರ ಹೂಡಿದೆ.
ಯಕೃತ್ತು ಅದನ್ನು ತುಸು ತಿರುಚುತ್ತದೆ, ತಿರುಚಿದ್ದು
ಮಿದುಳಿಗೇರಿ ಜೋಂಪು ಹಿಡಿಸುತ್ತದೆ.
ನಿನ್ನೆ ಮಧ್ಯಾಹ್ನ ಲಸಿಕೆ ರಿಜಿಸ್ಟರಿನ ಮೇಲೆ ಒರಗಿದವಳು
ಎದ್ದಾಗ ಕೆನ್ನೆಯ ಮೇಲೆ
ಕಾಲುಬಾಯಿ ಜ್ವರದ ಅಂಕಿಗಳು, ಉಲ್ಟಾ.
ಮಿಕ್ಕದ್ದು ಉಚ್ಚೆಯಲ್ಲಿ ಹೋಗುತ್ತದೆ.
ಹಗಲೂ ರಾತ್ರಿ ಕಾವಲು ಕಾದದ್ದು
ಹೀಗೆ, ಯಾರಿಗೂ ಹೇಳದೆ.

ಹಸುವಿನಲ್ಲಿ ಆ ಗಂಟು
ಹೆಚ್ಚುಕಡಿಮೆ ದಿನ ತುಂಬುವ ತನಕ ಕೂರುತ್ತದೆ.
ನಮ್ಮಲ್ಲಿ ಅಷ್ಟು ತಾಳ್ಮೆಯಿಲ್ಲ.
ಎಂಟು, ಒಂಬತ್ತು, ಹತ್ತನೇ ವಾರದೊಳಗೆ
ಮಾಸು ಕೆಲಸ ಕಲಿತು ವಹಿಸಿಕೊಳ್ಳಬೇಕು,
ಬಿ.ಎಂ. ರಸ್ತೆಯಲ್ಲಿ ಓಡುತ್ತಿರುವ ಬಸ್ಸಿನೊಳಗೆ
ಸ್ಟೀರಿಂಗು ಕೈಬದಲಾದ ಹಾಗೆ.
ಪ್ರಯಾಣಿಕರಿಗೆ ಎಚ್ಚರವಾಗಬಾರದು.
ಹೋದ ಸಲ ಯಾರ ಕೈ ಜಾರಿತೋ,
ಜಾರಿದ್ದು ಕೈಯೇ ಅಲ್ಲವೋ,
ಯಾವ ರಿಪೋರ್ಟೂ ಹೇಳಲಿಲ್ಲ.

ಇವತ್ತಿಗೆ ಒಂಬತ್ತು ವಾರ, ಎರಡು ದಿನ.

"ಕರ ಹಾಕ್ಲಿ, ಗಿಣ್ಣದಾಲು ತತ್ತೀನಿ"
ಎಂದು ಹಗ್ಗ ಬಿಚ್ಚುತ್ತಾಳೆ ನಿಂಗಾಜಮ್ಮ.
ಬೆರಳಲ್ಲೇ ಲೆಕ್ಕ ಹಾಕುತ್ತೇನೆ:
ಹಸು ನನಗಿಂತ ಒಂದು ತಿಂಗಳು ಮುಂದಿದೆ.
"ತನ್ನಿ" ಎನ್ನುತ್ತೇನೆ. ದನಿ ಯಾಕೋ ದೊಡ್ಡದಾಯಿತು.

ಕೈಚೀಲವನ್ನು ಒಳಹೊರಗು ಮಾಡಿ ಎಸೆದು
ಬಕೆಟ್ಟಿನಲ್ಲಿ ಕೈ ತೊಳೆದು
ಔಷಧಿ ಕೋಣೆಯ ಹಿಂದಿನ ಶೌಚಕ್ಕೆ ಹೋಗಿ
ಚಿಲಕ ಹಾಕಿ ನೋಡಿಕೊಳ್ಳುತ್ತೇನೆ.

ಬಿಳಿ.

ಹೊರಗೆ ಇನ್ನೂ ನಾಲ್ಕು ಹಸು ನಿಂತಿವೆ.