ಝರಿ, ಎರಡು ಸಲ

ನಲವತ್ತು ವರ್ಷ ಕುತೈಸಿಯ ಆಸ್ಪತ್ರೆಯಲ್ಲಿ
ಎಲ್ಗುಜಾ ಬರೆದದ್ದನ್ನು ಯಾರೂ ಓದಲಾಗಲಿಲ್ಲ.
ಕೋಳಿ ಕೆದರಿದ ಹಾಗೆ, ಅಂದರು ನರ್ಸುಗಳು;
ಕೋಳಿಗಾದರೂ ಕಾಳು ಸಿಗುತ್ತಿತ್ತು.
ಚೀಟಿಗಳೆಲ್ಲ ರಸ್ತೆ ದಾಟಿ ನನ್ನ ಔಷಧಿ ಅಂಗಡಿಗೆ ಬರುತ್ತಿದ್ದವು.
ಕಿಟಕಿಯ ಬೆಳಕಿಗೆ ಹಿಡಿದು ನಾನೊಬ್ಬಳೇ ಓದುತ್ತಿದ್ದೆ:
ಇದು ಕೆಮ್ಮಿಗೆ, ಇದು ರಕ್ತದೊತ್ತಡಕ್ಕೆ,
ಇದು, ಅಂಚಿನಲ್ಲಿ, ಬರೀ ಒಂದು ಗೀರು:
ಸಂಜೆ ಆರಕ್ಕೆ ಬಿಳಿ ಸೇತುವೆ ಹತ್ತಿರ ಬಾ.

ರೋಗಿಗೆ ಹೇಳಿದೆ: ಊಟವಾದ ಮೇಲೆ, ದಿನಕ್ಕೆ ಮೂರು ಸಲ.

ಈಗ ಅಡುಗೆಮನೆಯ ಮೇಜಿನ ಮೇಲೆ
ಹಳೆಯ ವಾಲ್‌ಪೇಪರ್ ಸುರುಳಿ ಮಗುಚಿ ಹಾಸಿ
ನಾಲ್ಕು ಮೂಲೆಗೆ ನಾಲ್ಕು ಪ್ಲಮ್ ಗೊಜ್ಜಿನ ಬಾಟಲಿ ಹೇರಿ
ಅಕ್ಷರ ತಿದ್ದುತ್ತಾನೆ, ಎಪ್ಪತ್ತೊಂದರಲ್ಲಿ.
ಅನಿ, ಬನಿ, ಗನಿ, ದೋನಿ.
ಆಕ್ರೋಟಿನ ಹಸಿ ಸಿಪ್ಪೆ ಬೇಯಿಸಿದ ಮಸಿ
(ನನ್ನ ಒಳ್ಳೆಯ ಪಾತ್ರೆ ಹೋಯಿತು, ಇರಲಿ),
ನದಿಯಂಚಿನ ಜೊಂಡಿನ ಲೇಖನಿ,
ಸ್ಕಾಲ್‌ಪೆಲ್‌ನಿಂದ ಕೊರೆದದ್ದು. ಕೈ ಅದೊಂದನ್ನು ಮರೆತಿಲ್ಲ.

ಮೊಮ್ಮಗಳು ತೆಕ್ಲೆಯೇ ಗುರು, ಹನ್ನೊಂದು ವರ್ಷ.
‘ಗೆರೆ ಇಳಿಯುವಾಗ ಉಸಿರು ಬಿಡು, ಅಜ್ಜ.’
ಸಾವಿರ ಎದೆಗಳಿಗೆ ಅದನ್ನೇ ಹೇಳಿದವನು
ತುಟಿ ಬಿಗಿದು, ವಿಧೇಯನಾಗಿ, ಬಿಡುತ್ತಾನೆ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ,
ರಾಜನೂ ರೊಟ್ಟಿಯೂ ಒಂದೇ ಎತ್ತರ.
ಎಲ್ಲ ದುಂಡಗೆ, ನೆಟ್ಟಗೆ ನಿಲ್ಲಲೊಲ್ಲವು,
ಮದುವೆಯೂಟ ಮುಗಿಸಿ ಹೆಗಲಿಗೆ ಹೆಗಲು ಕೊಟ್ಟು
ಮನೆಗೆ ಹೊರಟ ಗಂಡಸರ ಹಾಗೆ.

ಮಡಿಸುವುದರಲ್ಲಿ ಮಾತ್ರ ನಾನು ಗುರು.
ಪುಡಿ ಔಷಧಿಯ ಪೊಟ್ಟಣ ಗೋಂದಿಲ್ಲದೆ
ದಿನಕ್ಕೆ ಮುನ್ನೂರು ಕಟ್ಟಿದವಳು.
ಉದ್ದಕ್ಕೊಮ್ಮೆ ಮಡಿಸು, ಉಗುರೆಳೆ, ತುದಿಯೊಳಗೆ ತುದಿ ತೂರಿಸು.
ಅವನ ಲಕೋಟೆಗಳು ಮೊದಲ ವಾರ ಬಾಯಿ ಬಿಟ್ಟವು.
ಈಗ ಮುಚ್ಚಿಕೊಂಡಿರುತ್ತವೆ, ನೆರೆಮನೆಯವರಿಗಿಂತ ವಾಸಿ.

ಚೆಂಡುಹೂವಿನ ಪುಡಿ, ಮೆಂತ್ಯ, ಕೊತ್ತಂಬರಿ ಬೀಜ,
ಡಬ್ಬಿಗೆಲ್ಲ ಹೆಸರು ಬಂತು.
ಲಿಫ್ಟ್ ನಿಂತಾಗ ಲಮಾರಾ ಓಡಿಬಂದು ಬರೆಸಿಕೊಂಡಳು.
‘ಕೆಟ್ಟಿದೆ’ ಎಂಬ ಮಾತು ಅಷ್ಟು ಚೆಂದ ಇರಬಹುದೆಂದು
ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.
ರಿಪೇರಿಯಾಗಿ ತಿಂಗಳಾಯಿತು. ಬರೆದದ್ದನ್ನು ಕೀಳಲು ಮನಸ್ಸಿಲ್ಲ,
ಐದನೇ ಮಹಡಿಯವರು ಇನ್ನೂ ಮೆಟ್ಟಿಲು ಹತ್ತುತ್ತಾರೆ.

ನನ್ನ ಹೆಸರೊಂದು ಅವನಿಗೆ ಬಗ್ಗಲಿಲ್ಲ.
ಝುಝುನಾ. ತುಂತುರು ಎಂದರ್ಥ.
ಝರಿ ಎಂಬ ಅಕ್ಷರ ಅದರಲ್ಲಿ ಎರಡು ಸಲ,
ಒಂದು ಕೂತರೆ ಇನ್ನೊಂದು ಏಳುತ್ತದೆ.
ಚಳಿಗಾಲವಿಡೀ ಝರಿ, ಝರಿ, ಝರಿ,
ವಾಲ್‌ಪೇಪರಿನ ಬೆನ್ನೆಲ್ಲ ಒದ್ದೆ.

ಹುಟ್ಟುಹಬ್ಬಕ್ಕೆ ಕೊಟ್ಟ.
ತಪ್ಪಿಲ್ಲ. ಅವಳಿ ಮಕ್ಕಳಂತೆ ಎರಡು ಝರಿ.
ನೆಂಟರು ಓದಿದರು, ಗಟ್ಟಿಯಾಗಿ,
ಕನ್ನಡಕ ಮರೆತುಬಂದ ಷಡ್ಡಕನೂ ಓದಿದ,
ಗ್ಯಾಸಿನ ಹುಡುಗನೂ ಬಾಗಿಲಲ್ಲೇ ನಿಂತು ಓದಿದ.
ಚೆನ್ನಾಗಿದೆ, ಅಂದೆ. ಚೆನ್ನಾಗಿಯೇ ಇತ್ತು.
ಪಾತ್ರೆ ತೊಳೆಯಲು ಎದ್ದೆ.

ಇವತ್ತು ಬೆಳಗ್ಗೆ ಎದ್ದರೆ ಅವನು ಮನೆಯಲ್ಲಿಲ್ಲ.
ಕರೆಂಟು ಬಿಲ್ಲಿನ ಹಿಂದೆ, ಮೊಂಡು ಪೆನ್ಸಿಲಿನಲ್ಲಿ,
ಒಂದು ತೋಳು ಆಗಲೇ ಕೋಟಿನೊಳಗೆ ಇದ್ದಿರಬೇಕು,
ಕೋಳಿ ಕೆದರಿತ್ತು.

ತೆಕ್ಲೆ ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.
‘ಅಜ್ಜಿ, ಇದು ಯಾವ ಭಾಷೆ?’
ಕಿಟಕಿಯ ಬೆಳಕಿಗೆ ಹಿಡಿದೆ.
‘ಬ್ರೆಡ್ ತರಲು ಹೋಗಿದ್ದಾನೆ’ ಎಂದೆ.

ಅಂಚಿನಲ್ಲೊಂದು ಗೀರಿತ್ತು.
ಅದನ್ನು ಅವಳಿಗೆ ಓದಿ ಹೇಳಲಿಲ್ಲ.
ಉದ್ದಕ್ಕೊಮ್ಮೆ ಮಡಿಸಿದೆ, ಉಗುರೆಳೆದೆ,
ತುದಿಯೊಳಗೆ ತುದಿ.