ಒತ್ತು

ಕಬ್ಬನ್‌ಪೇಟೆಯ ಓಣಿ, ನೂಲಂಗಡಿಯ ಮೇಲಿನ ಕೋಣೆ.
ಮೇಜಿನ ಮೇಲೆ ಮೂರು ಯಂತ್ರ:
ಒಂದು ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ಒಂದು ಫಿಲೋಮಿನಾ ಕಂತಿನಲ್ಲಿ ಕೊಂಡದ್ದು,
ಒಂದು ಯಾರದೋ ಆಫೀಸು ಮುಚ್ಚಿದಾಗ ಉಳಿದದ್ದು,
ಅದರ ಕೀಲಿಮಣೆಯಲ್ಲಿ ಎನ್ ಇಲ್ಲ.

ಮೂರಕ್ಕೂ ಒಂದೇ ಮಾತು ತಿಳಿಯಬೇಕು:
ಕಿಟಕಿ ತೆರೆ.
ಅದರಲ್ಲೊಂದು ಗುಂಡಿ ಇಡು.
ಗುಂಡಿಯ ಮೇಲೆ ಬರೆ: ಒತ್ತು.

ಇಷ್ಟೇ. ಸ್ಕ್ರಿಪ್ಟು ಬರೆಯುವವರಿಗೆ ಮೂರೇ ಸಾಲು ಇರಲಿ ಅಂತ
ನಾವಿಬ್ಬರು ಬರೆದದ್ದು ನಲವತ್ತೊಂದು ಸಾವಿರ.

ಗುಂಡಿ ಅಂದರೆ ಈ ಊರಲ್ಲಿ ನಗುತ್ತಾರೆ.
'ಅದನ್ನೂ ಕಂಪ್ಯೂಟರಲ್ಲಿ ಮಾಡ್ಬೇಕೇನ್ರೀ?
ರಸ್ತೆ ತುಂಬ ಪುಕ್ಕಟೆ ಬಿದ್ದಿದಾವಲ್ಲ!'
ಎಂದ ಆಟೋದವನು
ಒಂದನ್ನು ತಪ್ಪಿಸಿ ಇನ್ನೊಂದಕ್ಕೆ ಇಳಿಸಿದ.

ಫಿಲೋಮಿನಾಳ ಹಟ: ಮೂರರಲ್ಲೂ ಗುಂಡಿ ಒಂದೇ ಥರ ಕಾಣಬೇಕು.
ನನ್ನ ಹಟ: ಹೋದ ಮನೆಯ ರೀತಿ ಅದಕ್ಕೆ ಬರಬೇಕು,
ಇಲ್ಲಿ ಮೂಲೆ ದುಂಡಗೆ, ಅಲ್ಲಿ ಚಪ್ಪಟೆ, ಮತ್ತೊಂದೆಡೆ ತುಸು ನೆರಳು.
ಎರಡು ವರ್ಷ ಇದೇ ಜಗಳ, ಬೈಟು ಕಾಫಿಯ ಮೇಲೆ.
ಮನೆಯಲ್ಲಿ ಕೊಂಕಣಿ ಅವಳದು, ಬೀದಿಯಲ್ಲಿ ತಮಿಳು,
ನನ್ನೊಡನೆ ಕನ್ನಡ;
ನಗುವೂ ಮೂರರಲ್ಲಿ ಮೂರು ಥರ.
ಅದನ್ನೇ ಎತ್ತಿ ಆಡಿದೆ. ಒಂದು ದಿನ ಸುಮ್ಮನಿದ್ದಳು.
ಮರುದಿನ ಅಂದಳು:
'ಹಲ್ಲುನೋವು ಮಾತ್ರ ಮೂರರಲ್ಲೂ ಒಂದೇ ಕಣೇ.'

ಕಿಟಕಿ ತೆರೆದ ಮೇಲೆ ಒಳಗೊಂದು ಸುತ್ತು
ತಿರುಗುತ್ತಲೇ ಇರುತ್ತದೆ, ತುಂಬಿದ ಬಸ್ಸಿನ ಕಂಡಕ್ಟರನ ಹಾಗೆ:
ಟಿಕೆಟ್? ಟಿಕೆಟ್? ಯಾರಾದರೂ ಮುಟ್ಟಿದಿರಾ?
ಎಳೆದಿರಾ? ಮುಚ್ಚಿ ಹೊರಟಿರಾ?
ಯಾರೂ ಓಗೊಡದಿದ್ದರೆ ಮತ್ತೆ ಮೊದಲ ಸೀಟಿನಿಂದ.
ಬರೆದವಳು ನಾನೇ; ಆದರೂ ನಡುರಾತ್ರಿ
ಅದರ ತಾಳ್ಮೆಗೆ ನಾಚುತ್ತೇನೆ.

ಮಾರ್ಚಿನಲ್ಲಿ ಸಫೂರಾ ಬೀ ಮೆಟ್ಟಿಲು ಹತ್ತಿ ಬಂದರು.
ಕೆಳಮನೆಯಲ್ಲಿ ಕಾಜಾ ಹಾಕುವವರು,
ಅಂಗಿಗೆ ಏಳು, ತೋಳಿಗೊಂದೊಂದು.
ಅವರ ಲೆಕ್ಕಕ್ಕೆಂದು ನಮ್ಮ ಟೂಲ್‌ಕಿಟ್ಟಿನಲ್ಲೇ
ಪುಟ್ಟ ಕಿಟಕಿಯೊಂದನ್ನು ಮಾಡಿಟ್ಟಿದ್ದೆವು.
ನಾಲ್ಕನೇ ಕ್ಲಾಸಿನ ಕನ್ನಡ ಅವರದು. ಕನ್ನಡಕ ಏರಿಸಿ ಓದಿದರು:
'ಒತು. ಒತು ಅಂದ್ರೆ ಏನಮ್ಮ?'

ಮೂರನೇ ಯಂತ್ರದಲ್ಲಿ
ಗುಂಡಿಯ ಕೆಳ ಅಂಚು ಒತ್ತನ್ನೇ ನುಂಗಿತ್ತು.

ಗೆರೆಯ ಮೇಲೆ ನೆಟ್ಟಗೆ ನಿಲ್ಲುವ ಅಕ್ಷರಗಳನ್ನು ಅಳೆದು
ಯಾರೋ ಎಲ್ಲೋ ಎತ್ತರ ಗೊತ್ತುಮಾಡಿದ್ದರು.
ನಮ್ಮವು ಗೆರೆಯ ಕೆಳಗೂ ಕಾಲು ಇಳಿಬಿಟ್ಟು
ಜಗಲಿಯ ಮೇಲೆ ಕೂರುವಂಥವು.
ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ:
ಕತ್ತೆ ಹೋಗಿ ಕತೆ,
ಹಳ್ಳಿ ಹೋಗಿ ಹಳಿ,
ಅಕ್ಕ ಬರಿಯ ಅಕ.

'ಗುಂಡಿ ಕೈಗೆ ಬರದೆ ನಾನು ಕಾಜಾ ಕೊಯ್ಯಲ್ಲ' ಎಂದು ಸಫೂರಾ ಬೀ
ಇಳಿದು ಹೋದರು. ಅನ್ನ ಒಲೆಯ ಮೇಲಿತ್ತು.

ನಾವು ಕೊಯ್ದಾಗಿತ್ತು. ನಲವತ್ತೊಂದು ಸಾವಿರ ಸಾಲು.
ಬಿಚ್ಚಿದೆವು. ಹನ್ನೊಂದು ರಾತ್ರಿ.
ಮೊದಲು ಮಾತು ಬರಲಿ, ಅದು ಕಾಲು ಎಷ್ಟು ಚಾಚುತ್ತದೋ ಕೇಳು,
ಆಮೇಲೆ ಪೆಟ್ಟಿಗೆ ಕಟ್ಟು.
ಒಂದು ಯಂತ್ರ ಒಪ್ಪಿತು. ಇನ್ನೊಂದರಲ್ಲಿ ಗುಂಡಿಗಳು
ಇಡ್ಲಿಯ ಹಾಗೆ ಉಬ್ಬಿದವು.
ಫಿಲೋಮಿನಾ ಬೈದಳು, ಯಾವ ಭಾಷೆಯಲ್ಲೋ ತಿಳಿಯಲಿಲ್ಲ.
ಎನ್ ಇಲ್ಲದ ಕೀಲಿಮಣೆಯಲ್ಲಿ
ಎನ್ ಬೇಕಾದಾಗಲೆಲ್ಲ ಬೇರೆಡೆಯಿಂದ ನಕಲು ತಂದು ಅಂಟಿಸಿದೆ.

ಹನ್ನೆರಡನೇ ಬೆಳಿಗ್ಗೆ ಸಫೂರಾ ಬೀಯನ್ನು ಕರೆದೆವು.
ಓದಿದರು: ಒತ್ತು.
ಬೆರಳಿನಿಂದ ಗಾಜನ್ನೇ ಒತ್ತಿದರು, ಗಟ್ಟಿಯಾಗಿ.
ಏನೂ ಆಗಲಿಲ್ಲ.
'ಇದರಿಂದ' ಎಂದು ಮೌಸು ಕೊಟ್ಟೆ.
ಹಲ್ಲಿ ಹಿಡಿದಂತೆ ಹಿಡಿದರು, ಕ್ಲಿಕ್ಕಿಸಿದರು.

ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ತಿರುಗಿ ನಿಂತ.
ಪರದೆಯಲ್ಲಿ: ಅಂಗಿ ಹದಿನಾಲ್ಕು,
ಕಾಜಾ ನೂರ ಇಪ್ಪತ್ತಾರು.
'ಹೌದಾ' ಎಂದು ಬೆರಳು ಮಡಿಸುತ್ತ
ತಾವೇ ಒಮ್ಮೆ ಎಣಿಸಿ ನೋಡಿದರು.

ಗಾಜಿನ ಮೇಲೆ, ಆ ಒತ್ತಿನ ಹತ್ತಿರ,
ನೀಲಿ ನೂಲಿನ ಒಂದು ತುಣುಕು.
ಫಿಲೋಮಿನಾ ಒರೆಸಹೋದಳು, ಒರೆಸಲಿಲ್ಲ.