ಒಣಗದ ಹಸಿರು

ಮುಖಕ್ಕೆ ಹಸಿರು ಹಚ್ಚಿ ಅಂದರು ಜೆಸಿಂತಾ ಮೇಡಂ.
ನಕ್ಕುಬಿಟ್ಟೆ.
ಕಲಾಸಿಪಾಳ್ಯದ ಸ್ಟುಡಿಯೋದಲ್ಲಿ ಮೂವತ್ತೊಂದು ವರ್ಷ
ಮುಖದಿಂದ ಹಸಿರು ತೆಗೆದವನು ನಾನು:
ಟ್ಯೂಬ್‌ಲೈಟಿನ ಹಸಿರು, ನಿದ್ದೆಗೆಟ್ಟ ಹಸಿರು,
ಪಾಸ್‌ಪೋರ್ಟಿಗೆ ಬೇಡದ ಎಲ್ಲ ಹಸಿರು.

ಫ್ರೇಜರ್ ಟೌನಿನ ಬೇಕರಿಯ ಮೇಲೆ, ಭಾನುವಾರ,
ಬನ್ನಿನ ವಾಸನೆಗೆ ಅಗಸೆ ಎಣ್ಣೆ ಬೆರೆತು ಹಸಿವಾಗುತ್ತದೆ.
ಗೋಡೆಗೆ ಅಂಟಿಸಿದ ಅಚ್ಚು: ಯಾವುದೋ ಜರ್ಮನ್ ಊರಿನ ಐವರು,
ಒಂದೇ ಮೇಜು. ಒಬ್ಬರ ಕಣ್ಣಲ್ಲೂ ಇನ್ನೊಬ್ಬರಿಲ್ಲ.
ಎಷ್ಟು ಮದುವೆಗಳಲ್ಲಿ ಕೂಗಿದ್ದೇನೆ,
ಸ್ವಲ್ಪ ಒತ್ತಿ ನಿಂತ್ಕೊಳ್ಳಿ, ಅತ್ತಿಗೆ ಈ ಕಡೆ, ನಗಿ, ನಗಿ.
ಇವರನ್ನು ಕೂರಿಸಿದವನು ಬಾಯಿ ಬಿಡಲೇ ಇಲ್ಲವೇನೋ.

ನಾಲ್ವರು ಹೇಗೋ ಬಂದರು.
ತುದಿಯ ಹೆಂಗಸು, ನೀಲಿ ಟೋಪಿಯವಳು, ಬರಲಿಲ್ಲ.
ಕೆನ್ನೆ ನಯ ಮಾಡಿದಷ್ಟೂ ಗೊಂಬೆ.
"ತೀಡಬೇಡಿ ಮುನಿವೆಂಕಟಪ್ಪ, ಬಣ್ಣ ಇಟ್ಟು ಕೈ ತೆಗೀರಿ."
ಕೈ ತೆಗೆಯುವುದು.
ಅದೊಂದನ್ನೇ ಕಲಿತಿರಲಿಲ್ಲ.

ಎಣ್ಣೆ ಬಣ್ಣಕ್ಕೆ ಆತುರವಿಲ್ಲ. ಮುಂದಿನ ಭಾನುವಾರವೂ
ಅವಳ ದವಡೆ ಹಸಿ; ನನ್ನ ತೋಳಿಗೆ ಅಂಟಿಕೊಂಡು
ಬಸ್ಸಿನ ಕಂಬಿಯವರೆಗೂ ಬಂದಳು.

ಸೋಮವಾರ ಒಬ್ಬ ನರ್ಸ್, ರಾತ್ರಿ ಪಾಳಿ ಮುಗಿಸಿ.
ಎಂಟು ಕಾಪಿ, ಬೇಗ.
ಸ್ಕ್ರೀನಿನಲ್ಲಿ ಅವಳ ಗಲ್ಲದ ಕೆಳಗೆ
ನನಗೆ ಗೊತ್ತಿರುವ ಬಣ್ಣ.
ಮೌಸಿನ ಮೇಲೆ ಬೆರಳಿತ್ತು.
ಉಗುರಿನ ಸಂದಿಯಲ್ಲೂ ಅದೇ, ಸೀಮೆಎಣ್ಣೆಗೂ ಹೋಗದ್ದು.

ಪ್ರಿಂಟ್ ಒತ್ತಿದೆ.
ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಹಾಗೇ ಇದೆ" ಅಂದಳು,
ಮೆಚ್ಚಿಯೋ, ದೂರಿಯೋ.